ಅಕ್ಕನ ಕತ್ತಿನ ಚಿಟ್ಟೆ

ಪ್ರೀತಿಯ ಅಕ್ಕಾ,

ತಲೆ ತಗ್ಗಿಸಿ, ಕೈ ಮುಗಿದು, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುತ್ತಿದ್ದೇನೆ: ನಿನ್ನ ನೀಲಿ ಸ್ಕಾರ್ಫ್ ಕದ್ದವನು ನಾನೇ. ನನ್ನ ಕತ್ತಿನ ಆಪರೇಷನ್ನಿಗೆ ಮುಂಚೆ ನಿನ್ನ ಮನೆಗೆ ಬಂದಿದ್ದಾಗ, ಮುಂದೆ ಬೇಕಾದೀತೆಂದು ಚೀಲಕ್ಕೆ ತುರುಕಿಕೊಂಡೆ. ನೀನು ಪಾಪ, "ಸ್ಕೂಟರ್ ಒರೆಸೋಕೆ ತಗೊಂಡ್ರಾ?" ಅಂತ ಭಾವನನ್ನು ಹಿಡಿದು ಝಾಡಿಸಿದೆಯಂತೆ. ನೀನು ಕತ್ತಿನ ಗಂಟು ಮುಚ್ಚಲು ಕೊಂಡದ್ದು, ನಾನು ಗಾಯ ಮುಚ್ಚಲು ಕದ್ದದ್ದು. ಒಂದೇ ತಾಯಿಯ ಮಕ್ಕಳು, ಒಂದೇ ಕಾಯಿಲೆ, ಕೊನೆಗೆ ಸ್ಕಾರ್ಫೂ ಒಂದೇ.

ನೀನು ಆಪರೇಷನ್ ತಾರೀಖನ್ನು ಮತ್ತೆ ಮುಂದಕ್ಕೆ ಹಾಕಿದೆ ಅಂತ ಭಾವ ಹೇಳಿದರು. ಗಂಟಿಗೆ ಸೂಜಿ ಹಾಕಿ ಮಾಡಿದ ಪರೀಕ್ಷೆಯಲ್ಲಿ ಕ್ಯಾನ್ಸರ್ ಅನುಮಾನ ಬಂದಿದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆದರೂ ನಿನ್ನದು ಒಂದೇ ಮಾತು: "ಬಸ್ ನಿಲ್ದಾಣದಲ್ಲಿ ಊರೂರಿಗೆ ಜನರನ್ನ ಹತ್ತಿಸೋದು ನನ್ನ ದನಿ ಕಣೋ. ಅದೇ ಹೋದ್ರೆ ನನ್ನನ್ನ ಯಾವ ಬಸ್ಸಿಗೆ ಹತ್ತಿಸ್ತೀಯ?"

ಅದಕ್ಕೇ ಈ ಪಾಠ. ಥೈರಾಯ್ಡ್ ಅನ್ನುವುದು ಗಂಟಲ ಕೆಳಗೆ ರೆಕ್ಕೆ ಬಿಚ್ಚಿ ಕೂತ ಚಿಟ್ಟೆಯಂಥ ಗ್ರಂಥಿ. ನಮ್ಮ ಕತ್ತನ್ನು ಹೂವು ಅಂದುಕೊಂಡ ಜೀವಿ ಅದೊಂದೇ. ಪೂರ್ತಿ ಪ್ರಜ್ಞೆ ತಪ್ಪಿಸಿ, ಕತ್ತಿನ ಮಡಿಕೆಯಲ್ಲೇ ಅಡ್ಡಗೆರೆ ಎಳೆದು, ಅರ್ಧವನ್ನೋ ಇಡೀ ಗ್ರಂಥಿಯನ್ನೋ ತೆಗೆಯುತ್ತಾರೆ. ಅದರ ಬೆನ್ನಿಗೆ ಅಕ್ಕಿಕಾಳಿನಂಥ ಪುಟ್ಟ ಗ್ರಂಥಿಗಳಿವೆ, ಮೈಯ ಕ್ಯಾಲ್ಸಿಯಂ ನೋಡಿಕೊಳ್ಳುವುದು ಅವೇ. ಅವಕ್ಕೆ ಮುನಿಸು ಬಂದರೆ ತುಟಿ, ಬೆರಳ ತುದಿ ಜುಮುಜುಮು ಅನ್ನುತ್ತವೆ. ತಕ್ಷಣ ನರ್ಸಿಗೆ ಹೇಳು. ಕತ್ತು ಊದಿಕೊಂಡರೆ, ಉಸಿರು ಬಿಗಿದರೆ ಕೂಗಿ ರಂಪ ಮಾಡು, ಅದರಲ್ಲಿ ನಿನಗೆ ತರಬೇತಿ ಬೇಕಿಲ್ಲ. ಇಡೀ ಗ್ರಂಥಿ ಹೋದರೆ ಜೀವನಪೂರ್ತಿ ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಕಾಫಿ ಆಮೇಲೆ. ನಿಜವಾದ ನರಕ ಅದು.

ಇನ್ನು ದನಿಯ ವಿಷಯ. ಚಿಟ್ಟೆಯ ಹಿಂದೆಯೇ ದನಿಯ ನರ ಹಾದುಹೋಗುತ್ತದೆ, ದಾರದಷ್ಟು ಸಣ್ಣದು. ಅದಕ್ಕೆ ಪೆಟ್ಟಾದರೆ ದನಿ ಗೊಗ್ಗರಾಗುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತದೆ. ಎಲ್ಲೋ ಕೆಲವರಿಗೆ ಹೋಗುವುದಿಲ್ಲ.

ನೀನು ಆಸ್ಪತ್ರೆಗೆ ಬಂದಾಗ ನನ್ನ ಗಂಟಲು ಕಟ್ಟಿತ್ತು, ನೆನಪಿದೆಯಾ? ಆಮೇಲೆ ನೀನು "ದನಿ ಬಂತಾ?" ಅಂತ ಮೆಸೇಜ್ ಹಾಕಿದೆ. "ಬಂತು, ಕ್ಲಾಸಲ್ಲಿ ಬಿಜಿ" ಅಂತ ನಾನು ಬರೆದೆ. ಬಂದಿಲ್ಲ ಅಕ್ಕಾ. ಡಾಕ್ಟರು ಮೂಗಿನೊಳಗೆ ನಳಿಕೆ ಇಳಿಸಿ ನೋಡಿದರು. ದನಿಯ ತಂತುಗಳಲ್ಲಿ ಒಂದು ಅಲುಗುತ್ತಿಲ್ಲ. "ಕಾಯೋಣ ಸಾರ್, ಬರಲೂಬಹುದು" ಅಂದರು. ಆ 'ಊ'ವನ್ನೇ ಹಿಡಿದುಕೊಂಡು ದಿನ ದೂಡುತ್ತಿದ್ದೇನೆ.

ಈ ಸುಳ್ಳಿನ ಮೇಲೆ ನಿನ್ನನ್ನು ಆಪರೇಷನ್ ಟೇಬಲ್ಲಿಗೆ ಹತ್ತಿಸಲು ಮನಸ್ಸು ಬರಲಿಲ್ಲ. ಆದರೂ ಹೇಳುತ್ತೇನೆ, ಹೋಗು. ನನಗಾದದ್ದು ನಿನಗೂ ಆಗಬೇಕೆಂದಿಲ್ಲ. ನಿನ್ನ ಕೆಲಸ ಎಂಥದ್ದೆಂದು ಮೊದಲೇ ಹೇಳು, ದನಿ ಪರೀಕ್ಷೆ ಮಾಡಿಸು, ನರದ ಬಗ್ಗೆ ನಾಚದೆ ಕೇಳು. ಕೆಟ್ಟದ್ದೇ ಆದರೂ, ದನಿಯಿಲ್ಲದ ಅಕ್ಕನ ಜೊತೆ ಜಗಳವಾಡಲು ನಾನು ತಯಾರಿದ್ದೇನೆ. ಅಕ್ಕನೇ ಇಲ್ಲದ ಮೇಲೆ ಯಾರ ಜೊತೆ ಆಡಲಿ?

ನನ್ನನ್ನೇ ನೋಡು, ಎಷ್ಟು ಆರಾಮಾಗಿದ್ದೇನೆ! ನಾನು ಇತಿಹಾಸ ಗುಡುಗುವಾಗ ತೂಕಡಿಸುತ್ತಿದ್ದ ಹುಡುಗರು ಈಗ ಪಿಸುಗುಟ್ಟಿದರೆ ಕಿವಿ ನೆಟ್ಟಗೆ ಮಾಡಿ ಕೂರುತ್ತಾರೆ. ನನ್ನ ಹೆಂಡತಿ ಬೇರೆ, "ಮನೆ ಈಗ ಮನೆ ಥರ ಇದೆ" ಅನ್ನುತ್ತಾಳೆ. ದನಿ ಹೋಯಿತೆಂದು ಒಂದು ಹನಿ ಕಣ್ಣೀರೂ ಹಾಕಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ.

ಬೇಡ, ಆಣೆ ಬೇಡ. ಮೊನ್ನೆ ಮಧ್ಯಾಹ್ನ ನಿನ್ನ ವಿಚಾರಣೆ ಕೌಂಟರಿಗೆ ಒಂದು ಫೋನ್ ಬಂತಲ್ಲ, ಆ ಕಡೆಯಿಂದ ಮಾತೇ ಇರಲಿಲ್ಲ. "ಯಾರ್ರೀ ಅದು? ಎಲ್ಲಿಗೆ ಹೋಗ್ಬೇಕು ಹೇಳ್ರೀ, ಬಾಯಿಲ್ವಾ?" ಅಂತ ನೀನು ಗದರಿದೆ. ಅದು ನಾನೇ ಅಕ್ಕಾ. 'ಅಕ್ಕಾ' ಅನ್ನಲು ನೋಡಿದೆ, ಬರೀ ಗಾಳಿ ಬಂತು. ನೀನು ಫೋನ್ ಇಟ್ಟ ಮೇಲೆ ಸ್ಟಾಫ್ ರೂಮಿನ ಬೀರುವಿನ ಹಿಂದೆ ನಿಂತು ಚಿಕ್ಕ ಮಗುವಿನ ಹಾಗೆ ಅತ್ತೆ. ಅಳುವಿಗೂ ಸದ್ದಿಲ್ಲದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಧೈರ್ಯವಾಗಿ ಹೋಗಿ, ಹುಷಾರಾಗಿ ಬಾ.

ನಿನ್ನ ಬೈಗುಳಕ್ಕೆ ಕಾದಿರುವ,
ಬಾಯಿಬಡುಕ ತಮ್ಮ