ಕೂತೇ ಇರುವ ಅಜ್ಜಿ

ಮೇ ೧೪, ಮಲಾವಿ

ಬೆಳಿಗ್ಗೆಯಿಂದ ಬಿಪಿ, ಶುಗರ್, ಡ್ರೆಸ್ಸಿಂಗ್. ಉಸಿರಾಡಲು ಪುರಸೊತ್ತಿಲ್ಲದ ಆರೋಗ್ಯ ಕ್ಯಾಂಪು. ಕಿಟಕಿ ಪಕ್ಕದ ಬೆಡ್ಡಿನ ಅಜ್ಜಿ ಊಟದ ಹೊತ್ತಿಗಿಂತ ಮುಂಚೆ ತೀರಿಕೊಂಡಳು. ಮಗಳು ಗ್ರೇಸ್ ಬಟ್ಟೆ ತರಲು ಊರಿಗೆ ಹೋಗಿದ್ದಾಳೆ, ಬರುವುದು ಸಂಜೆಗೆ. ಅಷ್ಟರಲ್ಲಿ ಮೈ ಸೆಟೆದುಕೊಳ್ಳುತ್ತದಲ್ಲ! ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದುಂಟೆ? ಬೆಳಗಾವಿಯ ಅನಗೋಳದ ಮನೆಯಲ್ಲಿ ಅಜ್ಜನಿಗೆ ಮಾಡಿದಂತೆಯೇ ಮಾಡಿದೆ. ವರಾಂಡದ ಬೆಂಚಿನ ತುದಿಗೆ, ಗೋಡೆಗೆ ಒರಗಿಸಿ, ಕಾಲು ಮಡಚಿ ಕೂಡಿಸಿದೆ. ಗದ್ದಕ್ಕೆ ಪಟ್ಟಿ ಕಟ್ಟಿ, ಅದು ಕಾಣದಂತೆ ತಲೆಗೆ ಅವಳದೇ ಬಟ್ಟೆ ಸುತ್ತಿದೆ. ಹಣೆಗೆ ನನ್ನ ವಿಭೂತಿ. ಎಷ್ಟು ಕಳೆಯಿತ್ತು ಮುಖದಲ್ಲಿ!

ಕ್ಯಾಂಪಿನ ಡಾಕ್ಟರು ಚೇತನ ಸರ್ ನೋಡಿ, "ದಾನೇಶ್ವರಿ, ಮಗಳನ್ನ ಕೇಳೂದು ಬ್ಯಾಡೇನು?" ಎಂದರು.

"ಛಲೋನ ಮಾಡೀನಲ್ರೀ ಸರ್. ಇದಕ್ಕೇನ್ ಕೇಳೂದು?"

ಅದೇ ದಿನ, ಸಂಜೆ

ಗ್ರೇಸ್ ಗೇಟಿನಿಂದಲೇ ನೋಡಿದಳು. ತಾಯಿ ಎದ್ದು ಕೂತಿದ್ದಾಳೆ! ನಗುತ್ತ ಓಡಿ ಬಂದಳು. ಏನೇನೋ ಹೇಳುತ್ತ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು...

ಆ ಕೂಗು ಬರೆಯಲಾರೆ.

ಬೈಯಲಿಲ್ಲ. ದುಭಾಷಿಯ ಕೈಲಿ ಹೇಳಿಸಿದಳು — "ನಮ್ಮ ಮನೆಯಲ್ಲಿ ಸತ್ತವರನ್ನು ಮಲಗಿಸುತ್ತೇವೆ. ಕೂತವರು ಯಾರಿಗೋ ಕಾಯುತ್ತಿರುತ್ತಾರೆ. ಕೂಡಿಸಿದವಳು ನೀನು. ನೀನೇ ಮಲಗಿಸು."

ಹೋದೆ. ಎಷ್ಟು ನೀವಿದರೂ ಮೊಣಕಾಲು ಬಿಚ್ಚಲಿಲ್ಲ. ಅಜ್ಜಿ ಪಿಕಪ್ ಗಾಡಿಯಲ್ಲಿ ಕೂತ ಹಾಗೆಯೇ ಊರಿಗೆ ಹೋದಳು, ಮುಖ ನನ್ನ ಕಡೆಗೆ.

ಜೂನ್ ೨೯, ಬೆಳಗಾವಿ

ಮಲಾವಿಗೆ ಕಳಿಸಿದ ಸಂಘದವರ ಸತ್ಕಾರ. ಶಾಲು, ಹಾರ, ಫೋಟೊ. "ವಿದೇಶದಾಗ ಏನ್ ಕಲತ್ರಿ, ಸಿಸ್ಟರ್?" ಸೇವೆ ಎಂದೆ. ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿ ಖಾಲಿಯಿತ್ತು. ಜನ ನಿಂತರೇ ಹೊರತು ಯಾರೂ ಅಲ್ಲಿ ಕೂರಲಿಲ್ಲ.

ಜುಲೈ ೬, ಖಾನಾಪುರ

ಮತ್ತೆ ಕ್ಲಿನಿಕ್ ಡ್ಯೂಟಿ. ಮಳೆ, ಜ್ವರದ ಸೀಸನ್. ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ. ಬೆಂಚಿನ ತುದಿ ಮಾತ್ರ ಖಾಲಿ. ಸರಿದು ಕುಂದರ್ರಿ ಎಂದೆ. ಹಲಸಿ ಕಡೆಯ ಹೆಂಗಸೊಬ್ಬಳು ಮರಾಠಿಯಲ್ಲಿ, "ಆಜೀ ಬಸಲ್ಯಾತ" ಎಂದಳು. ಅಲ್ಲಿ ಅಜ್ಜಿ ಕೂತಿದ್ದಾರಂತೆ.

ಆಯಾ ರೇಣವ್ವನೂ ಬಂದಳು. "ಅಕ್ಕಾರ, ತುದೀಗೆ ಕುಂತಾಕಿನ್ನ ಯಾವಾಗ ಕರೀತೀರಿ? ಮುಂಜಾನಿಂದ ನಿಮ್ಮನ್ನ ನೋಡಾಕತ್ತಾಳ. ಹಣಿ ತುಂಬ ಇಬತ್ತಿ ಹಚ್ಕೊಂಡಾಳ."

ನನಗೆ ಕಂಡದ್ದು ಬರೀ ಹಲಗೆ. ಮುಟ್ಟಿದೆ. ಇಂಥ ಥಂಡಿಯಲ್ಲೂ ಬೆಚ್ಚಗಿತ್ತು.

ಜುಲೈ ೭

ರಜೆ ಹಾಕಿದೆ.

ಜುಲೈ ೧೮

ರಜೆ ಮುಗಿಯಿತು. "ದಿನಾ ಬಂದು ಕುಂತಾಳ್ರೀ," ಎಂದಳು ರೇಣವ್ವ. "ಪಾಪ, ಕಾಲು ಜೋಮು ಹಿಡದಿರಬೇಕು."

ಅಲ್ಲಿಯವರೆಗೆ ಬರೀ ಹೆದರಿಕೆಯಿತ್ತು. ಆ ಮಾತಿಗೆ ಅಳು ಬಂತು. ನನ್ನಿಂದಾಗಿ ಒಬ್ಬಳು ಮಲಗದೆ ಕೂತಿದ್ದಾಳೆ...

ಚೇತನ ಸರ್ ಹತ್ತಿರ ನಂಬರ್ ಕೇಳಿ ಗ್ರೇಸ್‌ಗೆ ಫೋನ್ ಮಾಡಿದೆ. ಇಬ್ಬರದೂ ಹರಕು ಇಂಗ್ಲಿಷ್. ಕ್ಷಮಿಸು ಎಂದೆ, ನಡೆದದ್ದೆಲ್ಲ ಹೇಳಿದೆ. ಗ್ರೇಸ್, "ಈ ಸಲ ಮೊದಲು ಅವಳನ್ನು ಕೇಳು. ಒಪ್ಪಿದರೆ ಕತ್ತಿನ ಕೆಳಗೆ ಕೈ ಕೊಡು. ಅವಳಾಗಿ ಭಾರ ಬಿಡುವ ತನಕ ಕಾಯು," ಎಂದಳು.

ಜುಲೈ ೧೯, ಮಧ್ಯಾಹ್ನ

ಪೇಷಂಟುಗಳೆಲ್ಲ ಹೋದರು. ಬೆಂಚಿಗೆ ಒಗೆದ ಬೆಡ್‌ಶೀಟ್ ಹಾಸಿದೆ, ದಿಂಬು ಇಟ್ಟೆ. "ಅಜ್ಜೀ, ಮಲಕೋತೀರೇನ್ರೀ?" ಕನ್ನಡ ಅವಳಿಗೆ ಹೇಗೆ ತಿಳಿದೀತು — ಆದರೂ ಕೇಳಿದೆ. ಖಾಲಿ ಜಾಗಕ್ಕೆ ಕೈಯೊಡ್ಡಿ ನಿಂತೆ, ಹುಚ್ಚಿಯ ಹಾಗೆ.

ಬೆಂಚು ಕಿರುಗುಟ್ಟಿತು. ಅಂಗೈಗೆ ಭಾರ. ಕೂದಲು.

ಈಗ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಬರೆಯದಿದ್ದರೆ ಎದ್ದು ಓಡಿಬಿಡುತ್ತೇನೆ. ಎಡಗೈ ಇನ್ನೂ ಅವಳ ಕತ್ತಿನ ಕೆಳಗೇ ಇದೆ. ಜೋಮು ಹಿಡಿದಿದೆ, ತೆಗೆಯುವುದಿಲ್ಲ. ತಲೆ ದಿಂಬಿಗೆ ತಾಗಿತು. ಬೆನ್ನು ಸಡಿಲಾಯಿತು. ಇನ್ನು ಮೊಣಕಾಲು ಮಾತ್ರ. ಅದಕ್ಕೆ ಎರಡೂ ಕೈ ಬೇಕು. ಪೆನ್ನು