ಹದಿನೇಳನೇ ಕಾಲಂನಲ್ಲಿ ಬರೆದ ಒಂದು ಸಾಲು

(ವಾಹನ ತಪಾಸಣಾ ಕೇಂದ್ರದ ಮುಖ್ಯಾಧಿಕಾರಿಗಳಿಗೆ ಬಹಿರಂಗ ಪತ್ರ)

ಮಾನ್ಯ ಮುಖ್ಯಾಧಿಕಾರಿಗಳೇ,

ನನ್ನ ವ್ಯಾನು ಇಂದಿಗೆ ನಲವತ್ತಮೂರು ದಿನಗಳಿಂದ ಮನೆಯ ಮುಂದೆ ನಿಂತಲ್ಲೇ ನಿಂತಿದೆ. ಅದರ ಬ್ರೇಕು ಸರಿಯಿದೆ, ದೀಪಗಳು ಸರಿಯಿವೆ, ಟೈರುಗಳು ಹೊಸವು, ಹೊಗೆ ನೀವು ಹಾಕಿದ ಮಿತಿಯ ಅರ್ಧಕ್ಕೂ ಬರುವುದಿಲ್ಲ. ಇದು ನನ್ನ ಬಡಾಯಿಯಲ್ಲ. ನಿಮ್ಮದೇ ಯಂತ್ರಗಳು ಬರೆದುಕೊಟ್ಟ ಚೀಟಿ ನನ್ನ ಹತ್ತಿರವಿದೆ. ಆದರೂ ಅದಕ್ಕೆ ಅರ್ಹತಾ ಪತ್ರ, ಜನರ ಬಾಯಲ್ಲಿ ಎಫ್‌ಸಿ, ಸಿಕ್ಕಿಲ್ಲ. ಕಾರಣವಿಷ್ಟೇ: ನಿಮ್ಮ ಅರ್ಜಿಯ ಹದಿನೇಳನೇ ಕಾಲಂನಲ್ಲಿ ನಾನು ಒಂದು ಸಾಲು ನಿಜ ಬರೆದೆ. ಆ ಕಾಲಂ ತುಂಬಿಸಿದವರನ್ನು ಇದುವರೆಗೆ ನೋಡಿಯೇ ಇಲ್ಲ ಎಂದು ನಿಮ್ಮ ಗುಮಾಸ್ತರು ಹೇಳಿದರು. ಈ ಹಿರಿಮೆ ನನ್ನ ಪಾಲಿಗೆ ಬಂದದ್ದಕ್ಕೆ ಹಿಗ್ಗಬೇಕೋ ಕುಗ್ಗಬೇಕೋ ತಿಳಿಯದೆ ಕೂತಿದ್ದೇನೆ.

ತಮಗೆ ಇದಕ್ಕೆ ಮುಂಚೆ ಮೂರು ಪತ್ರ ಬರೆದಿದ್ದೆ. ಮೂರಕ್ಕೂ ಸ್ವೀಕೃತಿ ಸಂಖ್ಯೆ ಬಂತು, ಉತ್ತರ ಬರಲಿಲ್ಲ. ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ನಿಮಗೆ ಓದಲು ಪುರಸೊತ್ತಿಲ್ಲದಿದ್ದರೆ ನಿಮ್ಮ ನೆರೆಮನೆಯವರಾದರೂ ಓದಿ ಹೇಳಿಯಾರು ಎಂಬ ಆಸೆ.

ಸಂಗತಿಯನ್ನು ಮೊದಲಿನಿಂದ ಹೇಳುತ್ತೇನೆ. ನನ್ನ ಹೆಂಡತಿಗೆ ಎಂಟು ವರ್ಷದ ಹಿಂದೆ ಬಂದ ಒಂದು ಜ್ವರ ಸೊಂಟದಿಂದ ಕೆಳಗೆ ಶಕ್ತಿಯನ್ನೆಲ್ಲ ತೆಗೆದುಕೊಂಡು ಹೋಯಿತು. ಕೈ ಉಳಿಯಿತು, ಕಣ್ಣು ಉಳಿಯಿತು, ಬಾಯಂತೂ ಚೆನ್ನಾಗಿಯೇ ಉಳಿಯಿತು. ಆಕೆ ಹೊಲಿಗೆ ತರಬೇತಿ ಕೇಂದ್ರವೊಂದರಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಸುತ್ತಾಳೆ. ಹೊಲಿಯುವುದನ್ನು ಯಾರು ಬೇಕಾದರೂ ಕಲಿಸಬಹುದು, ಕತ್ತರಿ ಹಾಕುವುದೇ ವಿದ್ಯೆ ಎನ್ನುವುದು ಅವಳ ವಾದ. ಅವಳ ಗಾಲಿಕುರ್ಚಿ ಬೆನ್ನಿಗೆ ಆಸರೆ ಇರುವಂಥದ್ದು, ಮಡಚಲು ಬರುವುದಿಲ್ಲ. ಹಾಗಾಗಿ ನಮ್ಮ ವ್ಯಾನಿನ ನಡುವಿನ ಸೀಟನ್ನು ಬಿಚ್ಚಿಸಿ, ಪಕ್ಕದ ಬಾಗಿಲಿಗೆ ಮಡಚುವ ಕಬ್ಬಿಣದ ಹಲಗೆ ಹಾಕಿಸಿದೆ. ಅವಳು ಕುರ್ಚಿಯ ಸಮೇತ ಒಳಗೆ ಹೋಗುತ್ತಾಳೆ. ನೆಲದ ನಾಲ್ಕು ಕೊಕ್ಕೆಗೆ ನಾಲ್ಕು ಪಟ್ಟಿ ಬಿಗಿದರೆ ಕುರ್ಚಿ ಅಲುಗುವುದಿಲ್ಲ. ಈ ಕೆಲಸ ಮಾಡಿಕೊಟ್ಟ ಮೆಕ್ಯಾನಿಕ್ ಏನು ಹೇಳಿದರೂ ‘ಆಯ್ತಣ್ಣ’ ಎನ್ನುವವನು. ಬೀದಿಯಲ್ಲಿ ಈಗ ಅದೇ ಅವನ ಹೆಸರು.

ಬಿಚ್ಚಿದ ಸೀಟು ನಮ್ಮ ಹಾಲ್‌ನಲ್ಲಿದೆ. ಗೋಡೆಗೆ ಒರಗಿಸಿ ಸೋಫಾ ಮಾಡಿಕೊಂಡಿದ್ದೇವೆ. ಸೊಂಟದ ಬೆಲ್ಟುಗಳು ಸೀಟಿನ ಚೌಕಟ್ಟಿಗೇ ಸೇರಿದಂಥವು. ನನ್ನ ತಂಗಿ ಬಂದಾಗಲೆಲ್ಲ ಅದರ ಮೇಲೆ ಕೂತು ಬೆಲ್ಟು ಹಾಕಿಕೊಂಡು, “ನಡಿಯಣ್ಣ, ಹೊರಡೋಣ” ಎನ್ನುತ್ತಾಳೆ. ಏಳು ವರ್ಷದಿಂದ ಅದೇ ಜೋಕು, ಏಳು ವರ್ಷದಿಂದ ನಾವೂ ನಗುತ್ತಿದ್ದೇವೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ವ್ಯಾನು ಖರೀದಿಸಿದಾಗಿನ ದಾಖಲೆಯಲ್ಲಿ ನಡುವಿನ ಸೀಟು ಇದೆ. ಆದ್ದರಿಂದ ತಪಾಸಣೆಯಲ್ಲೂ ಅದು ಇರಬೇಕು. ಪ್ರತಿವರ್ಷ ತಪಾಸಣೆಯ ಹಿಂದಿನ ದಿನ ಆಯ್ತಣ್ಣ ಮನೆಗೆ ಬರುತ್ತಾನೆ. ಹಲಗೆ ಬಿಚ್ಚುತ್ತಾನೆ, ಕೊಕ್ಕೆ ಬಿಚ್ಚುತ್ತಾನೆ, ಹಾಲ್‌ನ ಸೋಫಾವನ್ನು ಹೊತ್ತೊಯ್ದು ವ್ಯಾನಿಗೆ ಕೂರಿಸುತ್ತಾನೆ. ಮಾರನೆಯ ದಿನ ನಿಮ್ಮ ತಪಾಸಕರು ವರ್ಷವಿಡೀ ವ್ಯಾನಿನಲ್ಲಿ ಇಲ್ಲದ ಸೀಟಿನ ಬೆಲ್ಟನ್ನು ಎರಡು ಸಲ ಎಳೆದು ನೋಡಿ, ಭದ್ರವಾಗಿದೆ ಎಂದು ಬರೆಯುತ್ತಾರೆ. ವರ್ಷವಿಡೀ ನನ್ನ ಹೆಂಡತಿಯನ್ನು ಹಿಡಿದಿಡುವ ನಾಲ್ಕು ಪಟ್ಟಿಗಳನ್ನು ಯಾರೂ ಎಳೆದು ನೋಡಿಲ್ಲ, ಏಕೆಂದರೆ ಆ ದಿನ ಅವು ನಮ್ಮ ಅಡುಗೆಮನೆಯ ಕಪಾಟಿನಲ್ಲಿರುತ್ತವೆ. ಸುರಕ್ಷತೆ ಎಂದರೆ ಇದೇ ಎಂದು ನೀವು ತೀರ್ಮಾನಿಸಿದ್ದರೆ ನಾನು ಯಾರು ಬೇಡ ಎನ್ನಲು?

ಹೀಗೆ ಏಳು ವರ್ಷ ನಡೆಯಿತು. ನನಗೆ ಒಳಗೊಳಗೆ ಕಸಿವಿಸಿ ಇತ್ತು. ಕೇಳದಿದ್ದಾಗ ಹೇಳದಿರುವುದು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈ ವರ್ಷ ನೀವು ಹೊಸ ಅರ್ಜಿ ತಂದಿರಿ. ಹದಿನೇಳನೇ ಕಾಲಂನಲ್ಲಿ ಸ್ಪಷ್ಟವಾಗಿ ಕೇಳಿದಿರಿ: ‘ವಾಹನದ ದಿನನಿತ್ಯದ ಬಳಕೆಗೆ ಸಂಬಂಧಿಸಿದ ಇತರ ಮಾಹಿತಿ.’

ಇಲ್ಲಿ ನನ್ನ ಹಣೆಬರಹವನ್ನು ಸ್ವಲ್ಪ ಹೇಳಬೇಕು. ನಾನು ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ತಪಾಸಕನಾಗಿದ್ದವನು. ಅಂಗಡಿಯವರ ತಕ್ಕಡಿ, ತೂಕದ ಬಟ್ಟು, ಅಳತೆ ಪಾತ್ರೆಗಳನ್ನು ನೋಡಿ ಮುದ್ರೆ ಒತ್ತುವುದು ನನ್ನ ಕೆಲಸ. ಒಂದು ಕಾಲಂ ಖಾಲಿ ಬಿಟ್ಟು ಅರ್ಜಿ ತಂದವನನ್ನು ನನ್ನ ಮೇಜಿನಿಂದ ವಾಪಸ್ ಕಳಿಸುತ್ತಿದ್ದೆ. ಖಾಲಿ ಕಾಲಂ ಕಂಡರೆ ಇವತ್ತಿಗೂ ನನ್ನ ಕೈ ಸುಮ್ಮನಿರುವುದಿಲ್ಲ. ಬರೆದೆ: ‘ನಡುವಿನ ಸೀಟನ್ನು ತಪಾಸಣೆಗಾಗಿ ಮಾತ್ರ ಅಳವಡಿಸಲಾಗಿದೆ, ಉಳಿದ ದಿನಗಳಲ್ಲಿ ಆ ಜಾಗದಲ್ಲಿ ನನ್ನ ಹೆಂಡತಿ ಗಾಲಿಕುರ್ಚಿಯಲ್ಲಿ ಕೂರುತ್ತಾಳೆ.’

ಬರೆಯುವಾಗ ಹೆಂಡತಿ ಎದುರಿಗೇ ಇದ್ದಳು, ಕತ್ತರಿಗೆ ಎಣ್ಣೆ ಹಾಕುತ್ತಿದ್ದಳು.

“ಅದನ್ಯಾಕ್ರೀ ಬರೀತೀರಾ? ಯಾರು ಓದ್ತಾರೆ?” ಎಂದಳು.

“ಓದೋದಿಲ್ಲ ಅಂದ್ರೆ ಕಾಲಂ ಯಾಕೆ ಇಡ್ತಿದ್ರು?” ಎಂದೆ ನಾನು. ಅಷ್ಟು ದೊಡ್ಡ ಮಾತನ್ನು ನಾನು ಆ ದಿನ ಆಡಬಾರದಿತ್ತು.

ನಿಮ್ಮ ಅಂಗಳದಲ್ಲಿ ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಸಾಲಿನಲ್ಲಿ ನಿಂತಿದ್ದೆ. ಕರೆಂಟು ಹೋಗಿತ್ತು. ಹೊಗೆ ಅಳೆಯುವ ಯಂತ್ರ ಜನರೇಟರಿನ ಮೇಲೆ ಓಡುತ್ತಿತ್ತು. ಆ ಜನರೇಟರು ಬಿಡುತ್ತಿದ್ದ ಕಪ್ಪು ಹೊಗೆಗೆ ತಪಾಸಕರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು. ಅದರ ಹೊಗೆಯನ್ನು ಯಾವ ಯಂತ್ರದಲ್ಲಿ ಅಳೆಯುತ್ತೀರಿ ಎಂದು ಕೇಳುವ ಮನಸ್ಸಾಯಿತು, ಕೇಳಲಿಲ್ಲ. ಸಾಲಿನಲ್ಲಿ ನಿಂತವನಿಗೆ ಧೈರ್ಯ ಕಡಿಮೆ. ನನ್ನ ಸರದಿ ಬಂತು. ಬ್ರೇಕು ಪಾಸು, ದೀಪ ಪಾಸು, ಹೊಗೆ ಪಾಸು, ಬೆಲ್ಟು ಎಂದಿನಂತೆ ಅತ್ಯಂತ ಭದ್ರ. ಆಮೇಲೆ ತಪಾಸಕರು ಅರ್ಜಿಯನ್ನು ಕಂಪ್ಯೂಟರಿಗೆ ಹಾಕಲು ಕೂತರು. ಹದಿನೇಳಕ್ಕೆ ಬಂದು ನಿಂತುಬಿಟ್ಟರು.

“ಏನ್ ಸಾರ್ ಇದು? ಇಲ್ಲಿ ಏನೋ ಬರೆದಿದೀರಲ್ಲ.”

“ಕೇಳಿದ್ರಲ್ಲ, ಅದಕ್ಕೆ ಬರೆದೆ.”

“ಎಲ್ಲರೂ ಒಂದು ಗೀಟು ಎಳೆದು ಬಿಡ್ತಾರೆ ಸಾರ್. ನೀವು ಬರೆದ್ರಿ ಅಂದ್ಮೇಲೆ ನಾನು ಹಾಕಲೇಬೇಕು. ಹಾಕಿದ್ರೆ ಸಿಸ್ಟಮ್ಮು ಮುಂದಕ್ಕೆ ಹೋಗ್ತಿಲ್ಲ.”

“ಹಾಗಾದ್ರೆ ಗಾಡಿ ಸರಿಯಿಲ್ವಾ?”

“ಗಾಡಿ ಸರಿಯಿದೆ ಸಾರ್. ದಾಖಲೆ ಸರಿಯಿಲ್ಲ.”

ಅವರ ಮೇಲೆ ನನಗೆ ಸಿಟ್ಟಿಲ್ಲ, ದಯವಿಟ್ಟು ಅವರಿಗೆ ನೋಟಿಸು ಕೊಡಬೇಡಿ. ಒಳ್ಳೆಯ ಮನುಷ್ಯ. ನನಗೆ ಕುರ್ಚಿ ಹಾಕಿಸಿದರು, ನೀರು ಕೊಟ್ಟರು, ದಾರಿಯನ್ನೂ ಹೇಳಿಕೊಟ್ಟರು: ಮೂರನೇ ಕೌಂಟರಿನಲ್ಲಿ ಮಾರ್ಪಾಡಿಗೆ ಅನುಮತಿ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದರು. ಮೂರನೇ ಕೌಂಟರಿಗೆ ಹೋದೆ. ಮಾರ್ಪಾಡಿನ ಅನುಮತಿಗೆ ಚಾಲ್ತಿಯಲ್ಲಿರುವ ಅರ್ಹತಾ ಪತ್ರವನ್ನು ಲಗತ್ತಿಸಬೇಕು ಎಂದರು. ಅರ್ಹತಾ ಪತ್ರಕ್ಕೆ ಎರಡನೇ ಕೌಂಟರಿಗೆ ಹೋದೆ. ಮಾರ್ಪಾಡಿನ ಅನುಮತಿಯನ್ನು ಲಗತ್ತಿಸಬೇಕು ಎಂದರು. ಎರಡನೇ ಕೌಂಟರಿಗೂ ಮೂರನೇ ಕೌಂಟರಿಗೂ ನಡುವೆ ಒಂದು ಗಾಜು ಇದೆ, ಗಾಜಿನ ಕೆಳಗೆ ಒಂದು ಸಂದಿ. ಎರಡು ಕೌಂಟರಿಗೂ ಸೇರಿ ಒಂದೇ ಸ್ಟೇಪ್ಲರ್ ಇರುವುದರಿಂದ ಅದು ದಿನವಿಡೀ ಆ ಸಂದಿಯಲ್ಲಿ ಆಚೆಗೂ ಈಚೆಗೂ ಓಡಾಡುತ್ತದೆ. ನನ್ನ ಕಾಗದವೊಂದಕ್ಕೆ ಮಾತ್ರ ಆ ಸಂದಿ ಸಾಲದಾಗಿದೆ. ನಾನು ಏಳು ಸಲ ಹೋಗಿದ್ದೇನೆ. ಈಗ ನನ್ನನ್ನು ಕಂಡರೆ ಇಬ್ಬರೂ ಗುಮಾಸ್ತರು ಎದ್ದು ನಮಸ್ಕಾರ ಮಾಡುತ್ತಾರೆ, ಆಮೇಲೆ ಕೂತು ಅದೇ ಮಾತನ್ನು ಹೇಳುತ್ತಾರೆ.

ಅರ್ಜಿಯನ್ನು ಹಿಂದಕ್ಕೆ ಕೊಡಿ, ಹೊಸದು ಬರೆಯುತ್ತೇನೆ ಎಂದೆ. ಒಂದು ವಾಹನಕ್ಕೆ ವರ್ಷಕ್ಕೆ ಒಂದೇ ಅರ್ಜಿ. ಹಿಂದಕ್ಕೆ ಕೊಡುವ ಅಧಿಕಾರ ಮುಖ್ಯಾಧಿಕಾರಿಗಳಿಗೆ ಮಾತ್ರ ಎಂದರು. ಅಂದರೆ ತಮಗೆ. ತಮ್ಮ ಕೋಣೆಯ ಬಾಗಿಲನ್ನು ನಾನು ಚೆನ್ನಾಗಿ ಬಲ್ಲೆ. ಹಿಡಿಕೆಯ ಹತ್ತಿರ ಬಣ್ಣ ಹೋಗಿದೆ, ಮೇಲಿನ ಫಲಕದಲ್ಲಿ ‘ಸಭೆಯಲ್ಲಿದ್ದಾರೆ’ ಎಂದಿದೆ. ಒಳಗಿನಿಂದ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಿದ್ದಿಲ್ಲ.

ಇಷ್ಟರಲ್ಲಿ ಮನೆಯಲ್ಲಿ ಏನಾಯಿತು ಎಂದು ಹೇಳಬೇಕು. ಮೊದಲ ವಾರ ಟ್ಯಾಕ್ಸಿ ಕರೆಸಿದೆ. ಮೂರು ಜನ ಚಾಲಕರು ಕುರ್ಚಿ ನೋಡಿ ಹಾಗೇ ಹೋದರು. ನಾಲ್ಕನೆಯವನು ಒಪ್ಪಿದ, ಅವನೂ ಆಯ್ತಣ್ಣನೂ ಸೇರಿ ಅವಳನ್ನು ಎತ್ತಿ ಸೀಟಿಗೆ ಹಾಕಿದರು. ಕುರ್ಚಿ ಡಿಕ್ಕಿಯಲ್ಲಿ ಅರ್ಧ ಹೊರಗೆ. ಬೀದಿಯವರೆಲ್ಲ ನಿಂತು ನೋಡಿದರು, ಕೆಲವರು ‘ಸ್ವಲ್ಪ ಎಡಕ್ಕೆ’ ಎಂದು ಸಲಹೆಯನ್ನೂ ಕೊಟ್ಟರು. ಸಂಜೆ ಮನೆಗೆ ಬಂದ ಮೇಲೆ ಅವಳು ಒಂದೇ ಮಾತು ಹೇಳಿದಳು: “ಇನ್ನೊಂದ್ಸಲ ನನ್ನ ಮೂಟೆ ತರ ಎತ್ತಿಸ್ಬೇಡಿ.” ಅಲ್ಲಿಗೆ ಟ್ಯಾಕ್ಸಿ ಮುಗಿಯಿತು.

ಆಮೇಲಿನಿಂದ ಅವಳು ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಎಂಟಕ್ಕೆ ತಲೆ ಬಾಚಿಕೊಂಡು ತಯಾರಾಗುತ್ತಾಳೆ, ಅಭ್ಯಾಸ. ಕತ್ತರಿಗೆ ಎಣ್ಣೆ ಹಾಕುತ್ತಾಳೆ, ಟೇಪನ್ನು ಸುತ್ತಿ ಚೀಲಕ್ಕೆ ಹಾಕುತ್ತಾಳೆ, ಆಮೇಲೆ ಕಿಟಕಿಯಿಂದ ವ್ಯಾನನ್ನು ನೋಡುತ್ತಾ ಕೂರುತ್ತಾಳೆ. ಹನ್ನೆರಡು ವಿದ್ಯಾರ್ಥಿನಿಯರಿದ್ದಾರೆ. ಮೊನ್ನೆ ಅವರಲ್ಲೊಬ್ಬಳು ಫೋನ್ ಮಾಡಿ, ತೋಳಿನ ಜಾಗದಲ್ಲಿ ಎರಡು ಬೆರಳು ಜಾಸ್ತಿ ಕತ್ತರಿಸಿಬಿಟ್ಟೆ ಎಂದು ಅಳುತ್ತಿದ್ದಳು. “ಅಳಬೇಡಮ್ಮ, ಬಟ್ಟೆನ ಮೇಜಿನ ಮೇಲೆ ಹರಡು, ಈಗ ಏನು ಕಾಣುತ್ತೆ ಹೇಳು” ಎಂದು ಇವಳು ಒಂದು ಗಂಟೆ ಹೊತ್ತು ಕಣ್ಣು ಮುಚ್ಚಿಕೊಂಡು ಕಾಣದ ಬಟ್ಟೆಯನ್ನು ಸರಿಮಾಡಿಸಿದಳು. ಈ ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೇಮಿಸಿಕೊಳ್ಳಬೇಕಾಗುತ್ತದೆ ಎಂದು ತರಬೇತಿ ಕೇಂದ್ರದಿಂದ ಪತ್ರ ಬಂದಿದೆ. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ. ಕಾಲು ಹೋದಾಗ ಅತ್ತವಳಲ್ಲ ನನ್ನ ಹೆಂಡತಿ. ಆ ಪತ್ರವನ್ನು ಮಡಚಿ ಕತ್ತರಿಯ ಚೀಲದಲ್ಲಿ ಇಟ್ಟುಕೊಂಡು ಅತ್ತಳು. ನೀವು ಬರೆದ ಸಾಲಿನಿಂದ ಹೀಗಾಯಿತು ಎಂದು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ನ್ಯಾಯವಾಗಿ ಇನ್ನೊಂದು ವಿಷಯವನ್ನೂ ಬರೆಯಬೇಕು. ನಾನು ನಿಮ್ಮನ್ನು ದೂರುವಷ್ಟು ಶುದ್ಧನಲ್ಲ. ಕೆಲಸದಲ್ಲಿದ್ದಾಗ ಒಮ್ಮೆ ಸಂತೆಯಲ್ಲಿ ತರಕಾರಿ ಮಾರುವ ಒಬ್ಬ ಹೆಂಗಸಿನ ಬಟ್ಟುಗಳನ್ನು ವಶಪಡಿಸಿಕೊಂಡೆ. ಬಟ್ಟುಗಳು ಗ್ರಾಮಿನ ಲೆಕ್ಕದಲ್ಲೂ ಸರಿಯಾಗಿದ್ದವು. ಮುದ್ರೆಯ ಅವಧಿ ಮುಗಿದು ನಾಲ್ಕು ದಿನವಾಗಿತ್ತು. “ತೂಕ ಸರಿಯಿದೆ ಅಲ್ವಾ ಸ್ವಾಮಿ?” ಎಂದು ಆಕೆ ಕೇಳಿದಳು. “ತೂಕ ಸರಿಯಿದೆಯಮ್ಮ, ಮುದ್ರೆ ಸರಿಯಿಲ್ಲ” ಎಂದೆ. ಹೇಳಿ, ಆ ಸಂಜೆ ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡಿದೆ. ಬಟ್ಟುಗಳಿಲ್ಲದೆ ಆಕೆ ಮಾರನೆಯ ದಿನ ಏನು ಮಾಡಿದಳು ಎಂದು ನನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಅದು ನೆನಪಿಗೂ ಬಂದಿರಲಿಲ್ಲ. ನಿಮ್ಮ ತಪಾಸಕರು ‘ಗಾಡಿ ಸರಿಯಿದೆ, ದಾಖಲೆ ಸರಿಯಿಲ್ಲ’ ಎಂದಾಗ ಆಕೆಯ ಮುಖ ಹಾಗೇ ಕಣ್ಣಮುಂದೆ ಬಂತು.

ತಪಾಸಣೆಯೇ ಬೇಡ ಎನ್ನುವ ಮನುಷ್ಯ ನಾನಲ್ಲ. ಬ್ರೇಕಿಲ್ಲದ ಲಾರಿ, ಊರನ್ನೇ ಕೆಮ್ಮಿಸುವ ಬಸ್ಸು ರಸ್ತೆಗೆ ಬರಬಾರದು. ನೋಡಬೇಕಾದ್ದನ್ನು ನೋಡಿ ಎಂದಷ್ಟೇ ನನ್ನ ತಕರಾರು. ಈ ಪತ್ರದ ಮೊದಲ ಪ್ರತಿಯಲ್ಲಿ ಮೂರು ದೊಡ್ಡ ಬೇಡಿಕೆಗಳಿದ್ದವು: ಗಾಲಿಕುರ್ಚಿಯ ವಾಹನಕ್ಕೆ ಬೇರೆ ನಿಯಮ ಬೇಕು, ಆ ನಾಲ್ಕು ಪಟ್ಟಿಗಳನ್ನು ತಪಾಸಣೆ ಮಾಡಬೇಕು, ಎರಡು ಮತ್ತು ಮೂರನೇ ಕೌಂಟರುಗಳು ಪರಸ್ಪರ ಮಾತಾಡಬೇಕು. ಹೆಂಡತಿಗೆ ಓದಿ ಹೇಳಿದೆ. “ಇದೆಲ್ಲ ಆಗೋಷ್ಟೊತ್ತಿಗೆ ನನ್ನ ಹುಡುಗೀರು ಅಜ್ಜಿ ಆಗಿರ್ತಾರೆ” ಎಂದಳು. ಮೂರನ್ನೂ ಹೊಡೆದು ಹಾಕಿದೆ.

ಈಗ ಉಳಿದಿರುವುದು ಒಂದೇ. ನನ್ನ ಅರ್ಜಿಯನ್ನು ಹತ್ತು ನಿಮಿಷದ ಮಟ್ಟಿಗೆ ನನ್ನ ಕೈಗೆ ಕೊಡಿಸಿ. ನಿಮ್ಮ ಎದುರಿಗೇ, ನಿಮ್ಮ ಪೆನ್ನಿನಲ್ಲೇ ಹದಿನೇಳನೇ ಕಾಲಂನ ಸಾಲನ್ನು ಹೊಡೆದು ಹಾಕುತ್ತೇನೆ. ಸೀಟು ವರ್ಷವಿಡೀ ವ್ಯಾನಿನಲ್ಲೇ ಇರುತ್ತದೆ ಎನ್ನುತ್ತೇನೆ. ಬರಿಯ ಗೀಟು ಎಳೆಯಲು ನನ್ನ ಕೈ ಒಪ್ಪುವುದಿಲ್ಲ, ಕ್ಷಮಿಸಿ. ಆದ್ದರಿಂದ ದಿನವೂ ಅವಳು ಕೂರುವ ಜಾಗದ ಬಗ್ಗೆ ‘ಏನೂ ಇಲ್ಲ’ ಎಂದು ಬರೆದು ಸಹಿ ಮಾಡುತ್ತೇನೆ. ಇದನ್ನು ಅವಳ ಹತ್ತಿರ ಕೇಳಿಕೊಂಡೇ ಬರೆಯುತ್ತಿದ್ದೇನೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆ, “ಬರೀರಿ, ನನಗೇನೂ ಬೇಜಾರಿಲ್ಲ. ಕ್ಲಾಸಿಗೆ ಹೋದ್ರೆ ಸಾಕು” ಎಂದಳು.

ಇಂತಿ,
ಮೂವತ್ತೊಂದು ವರ್ಷ ಇನ್ನೊಬ್ಬರ ತೂಕ ಸರಿಯಿದೆಯೇ ಎಂದು ನೋಡಿ,
ಈಗ ಒಂದು ಸುಳ್ಳಿಗೆ ತಮ್ಮ ಅನುಮತಿ ಬೇಡುತ್ತಿರುವ
ನಿವೃತ್ತ ತಪಾಸಕ