ಏಳನೇ ವಾರ

ಆಗಸ್ಟ್ ೧೨, ಮಂಗಳವಾರ

ಸೊಸೆ ಸುರಕ್ಷಾ ಇವತ್ತೂ ಸರಿಯಾಗಿ ಉಣ್ಣಲಿಲ್ಲ. ಕೇಳಿದರೆ, "ಎಂತದೂ ಇಲ್ಲ ಮಾಮಿ, ಸ್ವಲ್ಪ ಹೊಟ್ಟೆನೋವು ಉಂಟು" ಎಂದಳು.

ಹದಿನೈದು ದಿನದ ಹಿಂದೆ ಬಂಗುಡೆ ಮೀನು ಹುರಿಯುವ ವಾಸನೆಗೆ ಅವಳು ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಓಡಿದಾಗಲೇ ನನಗೆ ತಿಳಿದಿತ್ತು. ಮೂರು ತಿಂಗಳು ತುಂಬುವ ಮೊದಲು ಬಸುರಿನ ಸುದ್ದಿ ಎತ್ತಬಾರದೆಂಬುದು ನಮ್ಮ ಮನೆಯ ಪದ್ಧತಿ. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಒಳಗೊಳಗೇ ಹಿಗ್ಗುತ್ತಿದ್ದೆ.

ಶನಿವಾರ ಮಗ ಅಶ್ವಿತ್ ಅವಳನ್ನು ಬಂಟ್ವಾಳದ ಡಾಕ್ಟರ ಹತ್ತಿರ ಕರೆದೊಯ್ದ. ಬಂದ ಮೇಲೆ ಕೋಣೆಯಲ್ಲಿ ಅವನು ಹೇಳುತ್ತಿದ್ದುದು ಕಿವಿಗೆ ಬಿತ್ತು: "ಏಳನೇ ವಾರದಲ್ಲಿ ಹೀಗೆ ಹೋಗುವುದುಂಟಂತೆ. ನಿನ್ನ ತಪ್ಪಲ್ಲ ಮಾರಾಯ್ತಿ. ಅಮ್ಮನಿಗೆ ಹೇಳುವುದು ಬೇಡ."

ಗೊತ್ತೇ ಇಲ್ಲದವಳು ಸಮಾಧಾನ ಹೇಳುವುದು ಹೇಗೆ? ಮೂರು ದಿನದಿಂದ ಗಂಜಿ ಬಡಿಸುವುದೊಂದೇ ನನಗೆ ಸಾಧ್ಯವಾದದ್ದು.

ಸಂಜೆ ಅವಳೇ ಪಕ್ಕಕ್ಕೆ ಬಂದು ಕುಳಿತಳು. "ಮಾಮಿ, ಒಂದು ಕಥೆ ಹೇಳಿ."

"ಒಂದೂರಿನಲ್ಲಿ ಒಬ್ಬಳು ರಾಣಿ..." ಎಂದು ಶುರುಮಾಡಿ ನಿಂತುಬಿಟ್ಟೆ. ನನಗೆ ಬರುವ ಕಥೆಗಳಲ್ಲೆಲ್ಲ ರಾಣಿ ಕೊನೆಗೆ ಹೆರುತ್ತಾಳೆ.

"ಮತ್ತೆ?" ಎಂದಳು.

"ಮತ್ತೆ ಅವಳಿಗೆ ತುಂಬ ಸುಸ್ತಾಯಿತು ಮಗಾ. ಮಲಗಿದಳು."

ಸುರಕ್ಷಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ನನ್ನ ಮಡಿಲಲ್ಲಿ ತಲೆಯಿಟ್ಟು, ಶನಿವಾರದಿಂದ ತಡೆದದ್ದನ್ನೆಲ್ಲ ಅತ್ತಳು. ನಾನೂ ಅತ್ತುಬಿಟ್ಟೆ.